ಪುಣ್ಯಕೋಟಿ ಮತ್ತು ಅಸ್ಲಾನ್

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ತಲೆಯಲ್ಲಿ ಇನ್ನೊಂದು ವಾಕಿಂಗ್ ಓಡುತ್ತಿತ್ತು. 1931ರ ಸೆಪ್ಟೆಂಬರ್, ಆಕ್ಸ್‌ಫರ್ಡ್. ಪುರಾಣ ಎಷ್ಟೇ ಚೆಂದ ಇದ್ದರೂ ಸುಳ್ಳೇ ಅಲ್ವಾ ಎನ್ನುತ್ತಿದ್ದ ಲೇಖಕ ಸಿ.ಎಸ್. ಲೂಯಿಸ್ ಜೊತೆ ಗೆಳೆಯರಾದ ಟೋಲ್ಕಿನ್, ಹ್ಯೂಗೋ ಡೈಸನ್ ಇಬ್ಬರೂ ರಾತ್ರಿ ಬಹಳ ಹೊತ್ತು ಮಾತಾಡಿದರು. ಕ್ರಿಸ್ತನ ಕಥೆಯೂ ಪುರಾಣವೇ, ಆದರೆ ನಿಜವಾಗಿ ನಡೆದ ಪುರಾಣ ಅಂತ. ಕೆಲವೇ ದಿನಗಳಲ್ಲಿ ಲೂಯಿಸ್ ಅದನ್ನು ನಂಬಿದರು.

1950ರಲ್ಲಿ ಬಂದ ಅವರ ಕಥೆಯಲ್ಲಿ ಅಸ್ಲಾನ್ ಎಂಬ ಸಿಂಹ, ತಪ್ಪು ಮಾಡಿದ ಹುಡುಗನ ಬದಲು ತಾನೇ ಕಲ್ಲಿನ ಮೇಜಿನ ಮೇಲೆ ಸಾಯುತ್ತದೆ, ಬೆಳಗಾಗುವಾಗ ಎದ್ದು ಬರುತ್ತದೆ. ವಿದ್ವಾಂಸರು ಇಲ್ಲಿ ಶಿಲುಬೆ ತೋರಿಸುತ್ತಾರೆ, ಸರಿಯೇ. ನನಗೆ ಗಂಟಲು ಕಟ್ಟಿದ್ದು ಮಾತ್ರ ಅದರ ಕತ್ತಿನ ಕೂದಲು ಬೋಳಿಸುವಾಗ, ಸುಮ್ನೆ ಇರುತ್ತದಲ್ಲ, ಅಲ್ಲಿ. ಅಜ್ಜಿ ಹಾಡುತ್ತಾ ಪುಣ್ಯಕೋಟಿ ಹುಲಿ ಮುಂದೆ ಬಂದು ನಿಲ್ಲುವ ಸಾಲಿಗೆ ಬಂದಾಗಲೂ ಹೀಗೇ ಆಗುತ್ತಿತ್ತು.