ಸೀಲ್‌ಗಳು ರೋಗದಿಂದ ಸತ್ತರೆ ಪ್ರಕೃತಿ ತಾನೇ ಸರಿಮಾಡಿಕೊಳ್ಳುವುದಿಲ್ಲವೇ?

ನಾನು ಪಶುವೈದ್ಯೆ. ಸೀಲ್‌ನಂಥ ಕಡಲ ಸಸ್ತನಿಗಳ ರೋಗದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಇದೊಂದು ಪ್ರಶ್ನೆ ಬಂದೇ ಬರುತ್ತದೆ: “ಮೇಡಂ, ರೋಗ ಬಂದಾಗ ಒಂದಷ್ಟು ಸಾಯುತ್ತವೆ, ಉಳಿದವು ಮರಿ ಹಾಕುತ್ತವೆ. ಅದಕ್ಕೇಕೆ ಇಷ್ಟು ಚಿಂತೆ?”

ಈ ಮಾತು ಅರ್ಧ ನಿಜ.

1988ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ಆನ್‌ಹೋಲ್ಟ್ ದ್ವೀಪದಲ್ಲಿ ಹಾರ್ಬರ್ ಸೀಲ್‌ಗಳು ದಿನ ತುಂಬದ ಮರಿಗಳನ್ನು ಹಾಕತೊಡಗಿದವು. ಕೆಲವೇ ತಿಂಗಳಲ್ಲಿ ಉತ್ತರ ಯುರೋಪಿನ ಕರಾವಳಿಯುದ್ದಕ್ಕೂ 18,000ಕ್ಕೂ ಹೆಚ್ಚು ಸೀಲ್‌ಗಳು ಸತ್ತವು. ಕಾರಣ, ಅಲ್ಲಿಯವರೆಗೆ ಯಾರೂ ಗುರುತಿಸಿರದ ಒಂದು ವೈರಸ್. ನಮ್ಮ ಮಕ್ಕಳ ದಡಾರ, ದನಗಳ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ ಎಲ್ಲದರ ವೈರಸ್‌ಗಳೂ ಇದರ ದಾಯಾದಿಗಳೇ.

ಡಿಸ್ಟೆಂಪರ್ ಬಡಿದ ನಾಯಿಮರಿಯನ್ನು ಮೇಜಿನ ಮೇಲೆ ಮಲಗಿಸಿ ನೋಡಿದವರಿಗೆ ಅದು ಮರೆಯುವುದಿಲ್ಲ. ಕಣ್ಣಂಚಿನಲ್ಲಿ ಕೀವು, ಒಣಗಿ ಬಿರಿದ ಮೂಗು, ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುತ್ತಲೇ ಇರುವ ದವಡೆ. ಸೀಲ್‌ಗಳಿಗೂ ಕಣ್ಣು ಮೂಗು ಸೋರುತ್ತದೆ, ನ್ಯುಮೋನಿಯಾ ಆಗುತ್ತದೆ. ಇನ್ನೊಂದು ಸಂಕಟವೂ ಇದೆ. ಶ್ವಾಸಕೋಶದಿಂದ ಸೋರಿದ ಗಾಳಿ ಕತ್ತಿನ ಚರ್ಮದಡಿ ತುಂಬಿಕೊಂಡು, ಕೆಲವು ಸೀಲ್‌ಗಳಿಗೆ ನೀರಲ್ಲಿ ಮುಳುಗುವುದೇ ಆಗುವುದಿಲ್ಲ. ಕೆಳಗೆ ಮೀನಿದ್ದರೂ ಬರಿದೇ ತೇಲುತ್ತಿರುತ್ತವೆ.

ಬದುಕುಳಿದವಕ್ಕೆ ರೋಗನಿರೋಧಕ ಶಕ್ತಿ ಬಂತು, ಸಂಖ್ಯೆ ಮತ್ತೆ ಏರಿತು. ಆದರೆ ಆಮೇಲೆ ಹುಟ್ಟಿದವಕ್ಕೆ ಆ ರಕ್ಷಣೆ ಇರಲಿಲ್ಲ. 2002ರಲ್ಲಿ ರೋಗ ಮತ್ತೆ ಅದೇ ಆನ್‌ಹೋಲ್ಟ್‌ನಲ್ಲಿ ಕಾಣಿಸಿಕೊಂಡು ಸುಮಾರು 30,000 ಸೀಲ್‌ಗಳನ್ನು ಬಲಿ ತೆಗೆದುಕೊಂಡಿತು. ಆಗಲೂ ಚೇತರಿಸಿಕೊಂಡವು. ಓದುಗರ ಮಾತು ನಿಜವಾಗುವುದು ಇಲ್ಲಿಯವರೆಗೆ.

ಆದರೆ ಸೀಲ್‌ಗಳ ಮೈಯಲ್ಲಿ ನಾವು ಸುರಿದ ವಿಷವೂ ಇದೆ. ನೆದರ್ಲೆಂಡ್ಸ್‌ನಲ್ಲಿ ಒಂದು ಗುಂಪಿನ ಸೀಲ್‌ಗಳಿಗೆ ಮಲಿನವಾದ ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನನ್ನೂ, ಇನ್ನೊಂದಕ್ಕೆ ಅಟ್ಲಾಂಟಿಕ್‌ನ ಹೆರಿಂಗನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ತಿನ್ನಿಸಿ ನೋಡಿದರು. ಬಾಲ್ಟಿಕ್ ಮೀನು ತಿಂದವುಗಳ ರೋಗನಿರೋಧಕ ಶಕ್ತಿ ಕುಗ್ಗಿತ್ತು. ಪಿಸಿಬಿಯಂಥ ಕಾರ್ಖಾನೆ ರಾಸಾಯನಿಕಗಳು ಮೀನಿನ ಕೊಬ್ಬಿನ ಮೂಲಕ ಅವುಗಳ ಮೈ ಸೇರಿದ್ದವು. ಇದನ್ನು ‘ಪ್ರಕೃತಿ’ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎಷ್ಟು ಸತ್ತವು ಎನ್ನುವುದಕ್ಕಿಂತ ಯಾವುವು ಸತ್ತವು ಎಂದು ನಾನು ಮೊದಲು ನೋಡುತ್ತೇನೆ. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಆನೆಸೀಲ್‌ಗಳ ಬಾಣಂತನದ ಹೊತ್ತಿಗೇ ಎಚ್5ಎನ್1 ಹಕ್ಕಿಜ್ವರ ಬಂತು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಹೆಚ್ಚೂಕಡಿಮೆ ನೂರಕ್ಕೆ 95 ಸತ್ತವು. ಲೆಕ್ಕ 17,000 ದಾಟಿತು. ಆನೆಸೀಲ್ ತಾಯಿ ಮೂರು ವಾರ ದಡ ಬಿಡದೆ, ತಾನು ಏನೂ ತಿನ್ನದೆ ಹಾಲೂಡುತ್ತದೆ. ಹೆರುವುದು ವರ್ಷಕ್ಕೆ ಒಂದೇ ಮರಿ.

ಮರಿಗಳಷ್ಟೇ ಹೋಗಿದ್ದರೆ ಒಂದು ವರ್ಷದ ನಷ್ಟವೆನ್ನಬಹುದಿತ್ತು. ದೊಡ್ಡ ಹೆಣ್ಣುಗಳೂ ಸತ್ತವು. 2024ರಲ್ಲಿ ಹೆರಿಗೆಗೆ ದಡ ಹತ್ತಿದ ತಾಯಂದಿರು ಎಂದಿಗಿಂತ ತೀರಾ ಕಡಿಮೆ. ಇವತ್ತು ಹುಟ್ಟಿದ ಹೆಣ್ಣುಮರಿ ತಾಯಾಗಲು ನಾಲ್ಕೈದು ವರ್ಷ ಬೇಕು. ಆ ದಡ ಮೊದಲಿನಂತೆ ತುಂಬಲು ದಶಕಗಳೇ ಹಿಡಿಯಬಹುದು, ಅದೂ ವೈರಸ್ ಮತ್ತೆ ಬರದಿದ್ದರೆ.