ಪತ್ತನಾಜೆಗೆ ಮೊದಲೇ ಮೆಷಿನ್ ಬಿಚ್ಚಿ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಗೆ ತಾಗಿಕೊಂಡೇ ಒಂದು ಶೀಟಿನ ಶೆಡ್. ಬಾಗಿಲು, ಕಿಟಕಿ, ಮಂಚ ಎಲ್ಲ ಅಲ್ಲೇ ಮಾಡುವುದು. 16 ವರ್ಷದಿಂದ ಇದೇ ಕೆಲಸ. ಮರ ಹೆರೆಯುವ ಒಂದು ಪ್ಲೇನಿಂಗ್ ಮೆಷಿನ್, ಮರ ಕೊಯ್ಯುವ ಒಂದು ಟೇಬಲ್ ಸಾ, ಪಾಲಿಶ್ ಹೊಡೆಯಲು ಕಂಪ್ರೆಸರ್, ಮತ್ತೆ ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್, ರೌಟರ್. ಮನೆಯಲ್ಲಿ ಇಷ್ಟೇ ಇಟ್ಟುಕೊಂಡು ದುಡಿಯುವವರು ನಮ್ಮ ಕಡೆ ಜಾಸ್ತಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಜುಲೈ-ಆಗಸ್ಟಿನ ಆಟಿ ತಿಂಗಳು. ಪೆರ್ಲದ ಹತ್ತಿರ ಒಬ್ಬರು ಮಾಷ್ಟ್ರ ಹೊಸ ಮನೆಯ ಕೆಲಸ. ಆಟಿ ಕಳೆದ ಕೂಡಲೇ ಒಕ್ಕಲು, ಅಂದರೆ ಗೃಹಪ್ರವೇಶ. ಎದುರು ಬಾಗಿಲು ಹಲಸಿನದ್ದು, ಅವರ ಜಾಗದ್ದೇ ಮರ. ಒಳ್ಳೆ ಹಳದಿ ಬಣ್ಣ, ಒಂದು ಗಂಟೂ ಇಲ್ಲ. ಎರಡು ಕೋಟ್ ಪಾಲಿಶ್ ಚೆನ್ನಾಗಿ ಕೂತಿತ್ತು. ಮೂರನೆಯದು ಹೊಡೆದು ಊಟಕ್ಕೆ ಹೋಗಿ ಬಂದು ನೋಡಿದರೆ ಬಾಗಿಲ ತುಂಬ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಕೆಲವು ಕಡೆ ಬಿಳಿ ಮಚ್ಚೆ. ಥಿನ್ನರ್ ಸರಿ ಇಲ್ಲ ಅಂದುಕೊಂಡೆ. ಬೇರೆ ತಂದೆ. ಉಜ್ಜಿ ಮತ್ತೆ ಹೊಡೆದೆ. ಮತ್ತೆ ಅದೇ ಗುಳ್ಳೆ.

ಕೊನೆಗೆ ಕುಂಬಳೆಯಲ್ಲಿ ಪೈಂಟಿಂಗ್ ಮಾಡುವ ಒಬ್ಬರು ಹಿರಿಯರನ್ನು ಕರೆದುಕೊಂಡು ಬಂದೆ. ಅವರು ಬಾಗಿಲು ನೋಡಲೇ ಇಲ್ಲ. ಸೀದಾ ಕಂಪ್ರೆಸರ್ ಹತ್ತಿರ ಹೋಗಿ ಬಗ್ಗಿದರು.

"ಇದರ ನೀರು ಬಿಡದೆ ಎಷ್ಟು ದಿನ ಆಯಿತು ಮಾರಾಯ?"

ನನಗೆ ನೆನಪೇ ಇರಲಿಲ್ಲ. ಗಾಳಿ ಇಳಿಸಿ ಟ್ಯಾಂಕಿನ ಅಡಿಯ ಕಾಕ್ ತಿರುಗಿಸಿದರು. ಮೊದಲು ಬುಸ್ ಅಂತ ಶಬ್ದ. ಆಮೇಲೆ ಕಪ್ಪು ಚಹಾದ ಬಣ್ಣದ ನೀರು. ಕೆಳಗಿಟ್ಟ ಚೆಂಬು ತುಂಬಿತು, ಮತ್ತೊಂದು ಸಲವೂ ತುಂಬಿತು. ಬೆರಳಲ್ಲಿ ಮುಟ್ಟಿದರೆ ನುಣ್ಣಗಿನ ತುಕ್ಕಿನ ಹುಡಿ. ನಾನು ಇಷ್ಟು ದಿನ ಹೊಡೆದದ್ದು ಇದನ್ನೂ ಸೇರಿಸಿಯೇ.

ವಿಷಯ ಇಷ್ಟೇ. ಗಾಳಿಯನ್ನು ಒತ್ತಿ ತುಂಬಿಸಿದಾಗ ಬಿಸಿಯಾಗುತ್ತದೆ. ಟ್ಯಾಂಕಿನಲ್ಲಿ ತಣ್ಣಗಾದಾಗ ಅದರೊಳಗಿನ ಪಸೆ ನೀರಾಗಿ ಅಡಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಸ್ವಲ್ಪ, ಮಳೆಗಾಲದಲ್ಲಿ ತುಂಬಾ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಒಣಹಾಕಿದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಗಾಳಿಯಲ್ಲಿ ಎಷ್ಟು ನೀರಿರಬಹುದು ಹೇಳಿ. ಪಾಲಿಶ್ ಹಾಳಾಗುವುದು ಒಂದು ಕಡೆ. ಅದಕ್ಕಿಂತ ಭಯ ಬೇರೆ ಇದೆ. ನಿಂತ ನೀರು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಪೈಂಟ್ ಹೊಸತರ ಹಾಗೆಯೇ ಕಾಣುತ್ತದೆ. ತಗಡು ತೆಳ್ಳಗಾದ ಟ್ಯಾಂಕಿನಲ್ಲಿ 8 ಬಾರ್ ಒತ್ತಡ ತುಂಬಿಸಿ ಅದರ ಪಕ್ಕದಲ್ಲೇ ನಾವು ನಿಲ್ಲುತ್ತೇವೆ. ಒಡೆದರೆ ಬಾಂಬಿನ ಹಾಗೆ.

ಮಾಷ್ಟ್ರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆಚಾರ್ರೇ, ಒಕ್ಕಲಿಗೆ ಇನ್ನೂ ಎಂಟು ದಿನ ಉಂಟಲ್ಲ, ನಿಧಾನಕ್ಕೆ ಮಾಡಿ" ಅಂದರು. ಬಾಗಿಲನ್ನು ಮರದವರೆಗೆ ಉಜ್ಜಿ ಮೊದಲಿಂದ ಶುರು ಮಾಡಿದೆ. ನಾಲ್ಕು ದಿನದ ಕೆಲಸ, ಸಾಮಾನಿನ ಖರ್ಚು ನನ್ನದೇ.

ಆ ನಾಲ್ಕು ದಿನ ಉಜ್ಜುತ್ತಾ ಒಂದೇ ಯೋಚನೆ. ನಾವೆಲ್ಲ ಮೆಷಿನ್‌ಗಳನ್ನು ಮನಸ್ಸಿಟ್ಟು ತೊಳೆದು ಒರೆಸುವುದು ಯಾವಾಗ? ಆಯುಧ ಪೂಜೆಗೆ. ನಾನೂ ಬಿಡದೆ ಮಾಡುತ್ತೇನೆ, ಅಪ್ಪ ಉಳಿ, ಕೀಸುಳಿಗಳಿಗೆ ಗಂಧ ಹಚ್ಚುತ್ತಿದ್ದದ್ದನ್ನು ನೋಡಿ ಬೆಳೆದವನು. ಆದರೆ ಆಯುಧ ಪೂಜೆ ಬರುವುದು ಮಳೆಯೆಲ್ಲ ಮುಗಿಯುತ್ತಾ ಬಂದ ಮೇಲೆ. ಅಷ್ಟರಲ್ಲಿ ತುಕ್ಕು ನಾಲ್ಕು ತಿಂಗಳು ತನ್ನ ಕೆಲಸ ಮಾಡಿರುತ್ತದೆ. ನಮ್ಮ ಊರಿಗೆ ಮಳೆಗೆ ಮೊದಲು ಒಂದು ದಿನ ಬೇಕು. ಅದು ಇದ್ದೇ ಇದೆ: ಪತ್ತನಾಜೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಕೋಲ, ಯಕ್ಷಗಾನ ಎಲ್ಲ ನಿಂತು, ಮೇಳದವರು ಗೆಜ್ಜೆ ಬಿಚ್ಚುವ ದಿನ. ಆ ವಾರ ನಾನು ಮೆಷಿನ್ ಬಿಚ್ಚುತ್ತೇನೆ.

ಎರಡು ದಿನ ಬೇರೆ ಕೆಲಸ ಇಲ್ಲ. ಪ್ಲೇನಿಂಗ್ ಮೆಷಿನ್‌ನ ಬೆಲ್ಟ್ ಕೈಯಲ್ಲಿ ತಿರುವಿ ಬಿರುಕು ನೋಡುತ್ತೇನೆ. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಬೇಕು. ಜಾಸ್ತಿ ಸಡಿಲವಾದರೆ ಜಾರುತ್ತದೆ, ಜಾಸ್ತಿ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ. ಬೆಲ್ಟ್ ತೆಗೆದು ತಿರುಗುವ ರಾಡನ್ನು ಕೈಯಲ್ಲೇ ತಿರುಗಿಸಿ ಕಿವಿ ಕೊಟ್ಟರೆ ಬೇರಿಂಗಿನ ಕತೆ ಗೊತ್ತಾಗುತ್ತದೆ. ಮರಳು ಅರೆದ ಹಾಗೆ ಸದ್ದು ಬಂದರೆ ಮಳೆಗಾಲ ದಾಟುವುದಿಲ್ಲ, ಆಗಲೇ ಬದಲಾಯಿಸಿ. ಗ್ರೈಂಡರ್, ಡ್ರಿಲ್‌ಗಳ ಕಾರ್ಬನ್ ಬ್ರಶ್ ಜೋಡಿ, ಅಂದರೆ ಮೋಟಾರಿಗೆ ಕರೆಂಟು ಮುಟ್ಟಿಸುವ ಕರಿ ತುಂಡುಗಳನ್ನು ತೆಗೆದು ನೋಡುತ್ತೇನೆ. ಸವೆದು ಮೋಟಾಗಿದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಕು, ಒಂದನ್ನೇ ಅಲ್ಲ. ಕಂಪ್ರೆಸರಿನ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ.

ಮೆಷಿನಿನ ಬೀಡು ಕಬ್ಬಿಣದ ಟೇಬಲ್‌ಗಳಿಗೆ ಮೇಣ ತಿಕ್ಕುತ್ತೇನೆ. ಮನೆಯ ಮೇಣದ ಬತ್ತಿಯೇ ಸಾಕು, ಉಜ್ಜಿ ಬಟ್ಟೆಯಲ್ಲಿ ಒರೆಸಿದರಾಯಿತು. ತುಕ್ಕು ತಡೆಯುತ್ತದೆ, ಹಲಗೆಯೂ ಸಲೀಸಾಗಿ ಜಾರುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಮಾತ್ರ ಹೊಡೆಯಬೇಡಿ. ಅದು ಮರಕ್ಕೆ ತಾಗಿದರೆ ಅಲ್ಲಿ ಪಾಲಿಶ್ ಕೂರುವುದಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ರಾತ್ರಿಯೂ ಮರದ ಹುಡಿಯನ್ನು ಟೇಬಲ್ ಮೇಲೆ ಬಿಡುವುದಿಲ್ಲ. ಹುಡಿ ಪಸೆ ಹೀರಿಕೊಳ್ಳುತ್ತದೆ. ಒಮ್ಮೆ ಸಂಜೆ ಕರೆಂಟು ಹೋಯಿತು ಅಂತ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ಗುಡಿಸಿದರೆ ರಾಶಿ ಇದ್ದಲ್ಲೆಲ್ಲ ಕೆಂಪು ಮಚ್ಚೆ. ಉಜ್ಜಿ ಉಜ್ಜಿ ಸಾಕಾಯಿತು.

ಸಾ ಬ್ಲೇಡ್ ಕಡಿಯುವುದಿಲ್ಲ ಅಂತ ಸಾಣೆಗೆ ಕೊಡುವ ಮೊದಲು ತೆಗೆದು ನೋಡಿ. ಹೆಚ್ಚಿನ ಸಲ ಹಲ್ಲು ಮೊಂಡಾಗಿರುವುದಿಲ್ಲ, ಮರದ ಅಂಟು ಹಿಡಿದಿರುತ್ತದೆ. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಸ್ವಲ್ಪ ಹೊತ್ತು ನೆನೆಸಿ ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿದರೆ ಬಿಡುತ್ತದೆ. ಕೂಡಲೇ ಒಣಗಿಸಿ. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚುತ್ತೇವಲ್ವಾ, ಬ್ಲೇಡಿಗೂ ಅಷ್ಟೇ ಕಾಳಜಿ ಬೇಕು. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ತೆಗೆದು ಕಣ್ಣೆದುರು ಇಡಿ. ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಾಲದು. ಮಕ್ಕಳು ಓಡಾಡುವ ಮನೆ.

ಬೇಸಗೆಯ ತೊಂದರೆ ಬೇರೆ. ಫೆಬ್ರವರಿ ಕಳೆದರೆ ಅಡಿಕೆ ತೋಟಗಳ ಪಂಪ್ ಎಲ್ಲ ಒಟ್ಟಿಗೆ ಓಡುತ್ತವೆ, ಓಲ್ಟೇಜ್ ಇಳಿಯುತ್ತದೆ. ಬೋರ್ಡಿನಲ್ಲಿ ಒಂದು ಮೀಟರ್ ಹಾಕಿಸಿದ್ದೇನೆ. 200ಕ್ಕಿಂತ ಕೆಳಗೆ ಬಂದರೆ ಪ್ಲೇನಿಂಗ್ ಮೆಷಿನ್ ಮುಟ್ಟುವುದಿಲ್ಲ, ಕೈಕೆಲಸ ಮಾಡುತ್ತೇನೆ. ಮೋಟಾರ್ ಸುಟ್ಟುಹೋದರೆ ಆಗುವ ರಿವೈಂಡಿಂಗ್ ಖರ್ಚಿಗಿಂತ ಅರ್ಧ ದಿನ ಹೋದರೆ ಹೋಗಲಿ.

ನೆನಪಿಟ್ಟುಕೊಳ್ಳುತ್ತೇನೆ ಅಂತ ಈಗ ಹೇಳುವುದಿಲ್ಲ. ಶೆಡ್ಡಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ನೀರು ಬಿಟ್ಟ ದಿನಕ್ಕೆ "ನೀ", ಆಯಿಲ್ ಬದಲಿಸಿದ ದಿನಕ್ಕೆ "ಆ". ಮಳೆಗಾಲದಲ್ಲಿ ಕೆಲಸ ಮಾಡಿದ ಪ್ರತಿ ಸಂಜೆಗೂ ಒಂದು "ನೀ" ಇರಲೇಬೇಕು. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಈಗ ನಾನು ಹೇಳುವ ಮೊದಲೇ ಕಾಕ್ ಕೆಳಗೆ ಚೆಂಬು ಇಡುತ್ತಾನೆ. ನಿನ್ನೆ ಬಂದದ್ದು ಅರ್ಧ ಲೋಟ, ಬಣ್ಣ ಇಲ್ಲದ ನೀರು.