ಹಿಂಬದಿಯ ರೂಮು ಸಿಕ್ಕಿತು

ದಸರಾ ರಜೆಗೆ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೊರಟಿದ್ದೇವೆ. ಬದಿಯಡ್ಕದ ತೋಟದ ಮನೆಯಲ್ಲಿ ಮಲಗಿ ಅಭ್ಯಾಸವಾದ ಜೀವ. ರಾತ್ರಿ ಅಂದರೆ ಜೀರುಂಡೆ, ಆಗೊಮ್ಮೆ ಈಗೊಮ್ಮೆ ಅಡಿಕೆ ಸೋಗೆ ಬಿದ್ದ ಸದ್ದು, ಅಷ್ಟೇ. ಪೇಟೆಯಲ್ಲಿ ಒಂದು ಹಾರ್ನ್ ಕೇಳಿದರೆ ಎದ್ದು ಕೂರುತ್ತಾಳೆ, ಮತ್ತೆ ಬೆಳಗಿನವರೆಗೂ ಕಣ್ಣು ಹತ್ತುವುದಿಲ್ಲ.

ಅದಕ್ಕೇ ಬುಕ್ ಮಾಡುವ ಮೊದಲು ಲಾಡ್ಜಿಗೆ ಫೋನ್ ಮಾಡಿ ಎಲ್ಲ ಕೇಳಿದೆ. ರೂಮು ರಸ್ತೆ ಕಡೆಯೋ ಹಿಂಬದಿಯೋ? ಪಕ್ಕದಲ್ಲಿ ಲಿಫ್ಟ್, ಜನರೇಟರ್ ಉಂಟಾ? ಕೆಳಗೆ ಮದುವೆ ಹಾಲ್ ಇದ್ದರೆ ಆ ದಿನ ಕಾರ್ಯಕ್ರಮ ಇದೆಯಾ? ಫೋನೆತ್ತಿದ ಹುಡುಗ ಒಂದಿಷ್ಟೂ ಬೇಸರಿಸದೆ, "ಮೂರನೇ ಮಹಡಿ ಕೊನೇ ರೂಮು ಕೊಡ್ತೀನಿ ಮೇಡಂ, ಕಿಟಕಿ ತೆಂಗಿನಮರದ ಕಡೆಗಿದೆ" ಎಂದ. ಅವನಿಗೆ ಒಳ್ಳೆಯದಾಗಲಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಲಗುವ ಕೋಣೆಯೊಳಗೆ ಶಬ್ದ 30 ಡೆಸಿಬೆಲ್ ದಾಟಬಾರದು. ನಮ್ಮ ಕಾನೂನಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಿನ ಮಿತಿ ವಸತಿ ಪ್ರದೇಶಕ್ಕೆ 45, ವಾಣಿಜ್ಯ ಪ್ರದೇಶಕ್ಕೆ 55. ಪೇಟೆ ನಡುವಿನ ಲಾಡ್ಜಿನಲ್ಲಿ ಕಿಟಕಿ ಯಾವ ಕಡೆಗಿದೆ ಎಂಬುದೇ ಮುಖ್ಯವಾಗುವುದು ಇದಕ್ಕೇ. ಏಸಿ, ಟಿವಿ, ವೈಫೈ ಅಂತ ದೊಡ್ಡದಾಗಿ ಬರೆಯುವವರು ಸದ್ದಿಲ್ಲದ ರೂಮು ಯಾವುದೆಂದೂ ಒಂದು ಸಾಲು ಬರೆದರೆ ವಯಸ್ಸಾದವರಿಗೆ ಎಷ್ಟು ಉಪಕಾರ!

ಬರುವಾಗ ಮಡಿಕೇರಿಯಲ್ಲೂ ಒಂದು ರಾತ್ರಿ ಉಳಿಯುವುದಿದೆ. ಬಸ್ ಸ್ಟ್ಯಾಂಡಿನಿಂದ ದೂರದ, ಮೆಟ್ಟಿಲು ಕಡಿಮೆ ಇರುವ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ.